ವ್ಯಾನಿನ ನಲ್ಲಿಗೆ ಕಟ್ಟಿದ ಬಟ್ಟೆ

ಮೊಮ್ಮಗಳನ್ನ ನಾನು ಹುಟ್ಟಿದ ಊರಿಗೆ ಕರ್ಕೊಂಡು ಹೋಗಿ ಹೊಳೆ ತೋರಿಸಬೇಕು ಅನ್ನೋದು ನನಗಿದ್ದ ಒಂದೇ ಆಸೆ. ರಾಯಚೂರು ಕಡೆ, ಕೃಷ್ಣೆ ದಂಡೆಯ ಹಳ್ಳಿ ನಮ್ಮದು. ಮದುವೆಯಾದ ಮೇಲೆ ಹಲಸೂರಿನ ಬಾಡಿಗೆ ರೂಮಿಗೆ ಬಂದವಳು ಇಲ್ಲೇ ಮುದುಕಿಯಾದೆ. ಯಜಮಾನರು ವ್ಯಾನ್ ಓಡಿಸ್ತಿದ್ದರು. ಓಡಿಸಿ ಓಡಿಸಿ ಹಳೇದಾದ ಮೇಲೆ ಆ ವ್ಯಾನು ನಮ್ಮದೇ ಆಯ್ತು. ಅದರೊಳಗೆ ಮಲಗೋಕೆ ಹಲಗೆ, ನೀರಿನ ಟ್ಯಾಂಕು, ಪುಟ್ಟ ಸಿಂಕು, ಒಂದು ನಲ್ಲಿ. ವಠಾರದಲ್ಲಿ ನಾಲ್ಕು ಮನೆಗೆ ಒಂದೇ ನಲ್ಲಿ. ವ್ಯಾನಿನಲ್ಲಿ ನನ್ನೊಬ್ಬಳಿಗೇ ಒಂದು. ನನ್ನ ಜಂಬ ಕೇಳಬೇಡಿ.

ಆದರೆ ಆ ವ್ಯಾನಿನಲ್ಲೇ ಊರಿಗೆ ಹೋಗೋಕೆ ಕೆ.ಆರ್. ಪುರದಲ್ಲಿರೋ ಮಗಳು ಒಪ್ಪಬೇಕಲ್ಲ. ಹಿಂದಿನ ವರ್ಷ ಯಾವುದೋ ಮದುವೆಮನೆ ನೀರು ಕುಡಿದು ಮಗು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿತ್ತು.

"ಯವ್ವಾ, ಆ ಟ್ಯಾಂಕಿನ ನೀರು ನಂಬಿ ನಾ ಕಳಿಸಲ್ಲ. ಫಿಲ್ಟರ್ ಹಾಕ್ಸು. ನಾನೇ ಬಂದು ಕುಡಿದು ನೋಡ್ತೀನಿ. ಆಮೇಲೆ ಮಾತು" ಅಂದಳು.

ನಮ್ಮ ವ್ಯಾನಿಗೆ ಸಿಂಕು ಕೂರಿಸಿದ್ದ ಶಿವಾಜಿನಗರದ ಸಾಬರು ಬಂದರು. ಟ್ಯಾಂಕಿನಿಂದ ನಲ್ಲಿಗೆ ಹೋಗೋ ಪೈಪನ್ನ ನಡುವೆ ಕತ್ತರಿಸಿ, ಫಿಲ್ಟರಿನ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ ಸೇರಿಸಿದರು.

"ಮೊದಲ ಎರಡು ಬಕೆಟ್ ಚೆಲ್ಲಿಬಿಡಿ ಅಮ್ಮಾ" ಅಂದರು.

ಚೆಲ್ಲೋಕೆ ಕೈ ಬರಲಿಲ್ಲ, ತುಳಸಿಗೂ ದಾಸವಾಳಕ್ಕೂ ಹಾಕಿದೆ. ಅವರು ಹೋದ ಮೇಲೆ ನೋಡಿದರೆ ನಲ್ಲಿ ಬಾಯಿ ಬೋಳು ಬೋಳು. ಮೂವತ್ತು ವರ್ಷದಿಂದ ಬಟ್ಟೆ ಕಟ್ಟದೆ ನಲ್ಲಿ ನೀರು ಹಿಡಿದವಳಲ್ಲ ನಾನು. ಯಜಮಾನರ ಹಳೇ ಪಂಚೆ ಹರಿದು, ಸೋಪು ಹಚ್ಚಿ ಉಜ್ಜಿ ಉಜ್ಜಿ ಒಗೆದು, ಬಿಗಿಯಾಗಿ ಕಟ್ಟಿದೆ.

ಭಾನುವಾರ ಮಗಳು ಮಗೂನ ಕರ್ಕೊಂಡು ಬಂದಳು. ವ್ಯಾನಿನ ನಲ್ಲಿ ನೀರು ಒಂದು ಗುಟುಕು ಕುಡಿದು ಉಗಿದುಬಿಟ್ಟಳು.

"ಸೋಪಿನ ವಾಸನೆ. ಈ ನೀರು ಕುಡಿಸ್ತೀಯಾ ನನ್ನ ಮಗೂಗೆ?"

ಮತ್ತೆ ಸಾಬರಿಗೆ ಹೇಳಿ ಕಳಿಸಿದೆವು. ಅವರು ಡಬ್ಬಿ ಬಿಚ್ಚಿ ಮೂಸಿ, ತೊಳೆದು, ಮತ್ತೆ ಹಾಕಿದರು. ಮತ್ತೆ ಸೋಪು. ಪಾಪ, ಅವರ ಮುಖವೇ ಸಣ್ಣದಾಯ್ತು.

ಅಷ್ಟರಲ್ಲಿ ಮಗು ಸಿಂಕಿನ ಹತ್ತಿರ ಹಲಗೆ ಮೇಲೆ ನಿಂತು, ನಲ್ಲಿಗೆ ಮೂಗಿಟ್ಟು ಅಂದಿತು: "ಅಜ್ಜಿ, ನಿನ್ನ ಬಟ್ಟೇನೇ ವಾಸನೆ."

ಸಾಬರು ಬಟ್ಟೆ ಬಿಚ್ಚಿ ಮೂಸಿದರು. ಹಿಂಡಿ, ಮಡಚಿ, ಮರ್ಯಾದೆಯಿಂದ ನನ್ನ ಕೈಗಿಟ್ಟರು. "ಫಿಲ್ಟರಿಗೇ ಫಿಲ್ಟರ್ ಹಾಕಿದೀರಲ್ಲಮ್ಮಾ."

"ಇವಳು ದೇವರ ತೀರ್ಥಾನೂ ಸೋಸಿ ಕೊಡೋಳು ಸಾಬ್ರೇ" ಅಂದರು ಯಜಮಾನರು.

ಮಗಳು ನಗು ತಡ್ಕೊಂಡು ಒಂದು ಲೋಟ ಕುಡಿದಳು. ಇನ್ನೊಂದು ಲೋಟ ಹಿಡಿದು ತಾನೇ ಮಗೂಗೆ ಕುಡಿಸಿದಳು. "ಕರ್ಕೊಂಡ್ ಹೋಗು. ಆ ಬಟ್ಟೆ ಮಾತ್ರ ಇಲ್ಲೇ ಬಿಟ್ಟು ಹೋಗು" ಅಂದಳು. ನನಗೆ ಆವತ್ತು ಊಟವೇ ಬೇಡವಾಯ್ತು, ಅಷ್ಟು ಹೊಟ್ಟೆ ತುಂಬಿತ್ತು.

ಊರಲ್ಲಿ ಹೊಳೆ ದಂಡೇಲಿ ವ್ಯಾನ್ ನಿಂತಾಗ ನಮ್ಮಕ್ಕ ಕೋಲೂರಿಕೊಂಡು ಬಂದಳು. ಮಗು ನಲ್ಲಿ ತಿರುಗಿಸಿ, ಲೋಟ ತುಂಬಿ, ತುಳುಕಿಸ್ತಾ ತಂದು ಅವಳ ಕೈಗೆ ಕೊಟ್ಟಿತು.

"ಇಷ್ಟು ದೊಡ್ಡ ಹೊಳಿ ಮುಂದ ನಿಂತು ನನಗ ನಳದ ನೀರು ಕುಡಿಸ್ತೀಯೇನ ಬೆಂಗಳೂರು ಹುಡುಗಿ?" ಅಂದಳು ಅಕ್ಕ.

ಅಂದರೂ ಒಂದು ಹನಿ ಬಿಡದೆ ಕುಡಿದಳು. ಮಗು ಆಗಲೇ ಮೊಣಕಾಲುದ್ದ ನೀರಿಗಿಳಿದಿತ್ತು. ಅದರ ಕೈ ಹಿಡ್ಕೊಂಡು, ಸೀರೆ ಎತ್ತಿ ಕಟ್ಟಿ, ನಾನೂ ಇಳಿದೆ.