ಸೆಟ್ಟಿನ ಸರದಿ

ನನ್ನಲ್ಲೊಂದು ದಪ್ಪನೆಯ ಇಂಗ್ಲಿಷ್ ನಿಘಂಟಿದೆ. ಮನಸ್ಸು ಚಡಪಡಿಸುವಾಗ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಕಥೆಯಿಲ್ಲ, ಆದ್ದರಿಂದ ಮುಂದೇನಾಯಿತೆಂಬ ಆತಂಕವೂ ಇಲ್ಲ. ಒಂದು ಮಧ್ಯಾಹ್ನ ‘ಸೆಟ್’ ಎಂಬ ಪುಟಾಣಿ ಪದದ ಅರ್ಥ ನೋಡಲು ಹೋದವನು ಪುಟದ ಮೇಲೆ ಪುಟ ಮಗುಚಿ, ಸುಸ್ತಾಗಿ, ಅರ್ಧದಲ್ಲೇ ಎದ್ದುಬಂದೆ. ಸೂರ್ಯ ಮುಳುಗುವುದೂ ಅದೇ, ಮುರಿದ ಮೂಳೆ ಕೂಡಿಸುವುದೂ ಅದೇ, ಮೊಸರು ಹೆಪ್ಪುಗಟ್ಟುವುದೂ ಅದೇ. ಇಷ್ಟೊಂದು ಕೆಲಸವನ್ನು ಒಂದೇ ಆಳಿನ ಮೇಲೆ ಹೇರುವ ಭಾಷೆಯ ಬಗ್ಗೆ ನನಗೆ ಸ್ವಲ್ಪ ಅನುಮಾನ.

ನಮ್ಮವರೂ ಅದನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. ಒಂದರ ಮೇಲೊಂದು ಬಿದ್ದ ದೋಸೆ ಸೆಟ್. ಲೋಟದ ನೀರಿನಲ್ಲಿ ಮಲಗುವ ಹಲ್ಲೂ ಸೆಟ್. ಹೆಣ್ಣು ಗಂಡಿನ ಮಾತುಕತೆ ಮುಗಿದರೆ ಅದೂ ಸೆಟ್ಟಾಯಿತು. ಆದರೆ ಫೆಬ್ರವರಿ ಬಂತೆಂದರೆ ನಮ್ಮ ಮೂರ್ನಾಡಿನ ಕಡೆ ಉಳಿದ ಅರ್ಥಗಳೆಲ್ಲ ರಜೆ ಹಾಕುತ್ತವೆ. ಆಗ ಸೆಟ್ ಎಂದರೆ ಒಂದೇ: ಕೆರೆಯ ನೀರನ್ನು ಎಳೆದು ರೊಬಸ್ಟಾ ಕಾಫಿ ಗಿಡಗಳ ನೆತ್ತಿಗೆ ಮಳೆಯಂತೆ ಚಿಮ್ಮಿಸುವ ಇಂಜಿನ್, ಪೈಪು, ಸ್ಪ್ರಿಂಕ್ಲರ್‌ಗಳ ಸಂಸಾರ. ಬಲಿತ ಮೊಗ್ಗಿಗೆ ಹೊತ್ತಿಗೆ ಸರಿಯಾಗಿ ನೀರು ಬಿದ್ದರೆ ತೋಟ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಕರಟಿ, ವರ್ಷದ ಫಸಲು ಅಲ್ಲಿಗೇ ಮುಗಿಯುತ್ತದೆ.

ನಮ್ಮ ಮೂರು ಮನೆಗೆ ಸೇರಿ ಒಂದೇ ಸೆಟ್. ಕೆರೆ ನನ್ನ ಜಾಗದಲ್ಲಿದೆ, ಪೈಪುಗಳು ನನ್ನ ಕೊಟ್ಟಿಗೆಯಲ್ಲಿರುತ್ತವೆ. ನನ್ನದು ಅಂಗೈಯಗಲದ ತೋಟ, ಹಾಗಾಗಿ ನಾನು ಯಾವಾಗಲೂ ಕೊನೆ. ಉಳಿದಂತೆ ಒಂದು ವರ್ಷ ನೆರೆಯ ಪೂವಯ್ಯ ಮೊದಲು, ಮರುವರ್ಷ ಆಚೆಮನೆಯ ದೇವಕಿಯಕ್ಕ ಮೊದಲು. ಒಬ್ಬರ ತೋಟ ನೆನೆಯುವಷ್ಟರಲ್ಲಿ ಕೆರೆ ತಳ ಕಾಣುತ್ತದೆ. ಅದು ಮತ್ತೆ ತುಂಬುವವರೆಗೆ ಎರಡನೆಯವರು ಆಕಾಶ ನೋಡಬೇಕು. ಬಾಯಿಮಾತಿನ ಏರ್ಪಾಡು. ಇದುವರೆಗೆ ಕೆಟ್ಟಿರಲಿಲ್ಲ.

ಈ ವರ್ಷ ಇಬ್ಬರೂ ಒಂದೇ ಬೆಳಗ್ಗೆ ನನ್ನ ಅಂಗಳಕ್ಕೆ ಬಂದರು.

“ಹೋದ ವರ್ಷ ಪೂವಯ್ಯಣ್ಣಂದೇ ಅಲ್ವಾ ಮೊದಲು? ಅವರ ತೋಟವೇ ಮೊದಲು ಹೂ ಬಿಟ್ಟದ್ದು, ನಾನೇ ಬೇಲಿ ಹತ್ರ ನಿಂತು ನೋಡಿದ್ದೇನೆ” ಎಂದರು ದೇವಕಿಯಕ್ಕ. ಅವರದು ಪಡುವಣ ಬಿಸಿಲು ಬಡಿಯುವ ಇಳಿಜಾರು. ಕೈಯಲ್ಲಿ ಕಾಫಿಯ ಕೊಂಬೆಯೊಂದಿತ್ತು. ಮೊಗ್ಗಿನ ತುದಿ ಆಗಲೇ ಕಂದಿತ್ತು. “ಇನ್ನೂ ಕಾದ್ರೆ ನಂಗೆ ಸಿಕ್ಕುದು ಸೌದೆ ಮಾತ್ರ.”

“ಹಂಗಲ್ಲ ದೇವಕಿ. ಸಾರ್ ಕೆರೆ ಹತ್ರವೇ ಇದ್ರಲ್ಲ, ಅವ್ರನ್ನೇ ಕೇಳುವ” ಎಂದರು ಪೂವಯ್ಯ.

ಇಬ್ಬರೂ ನನ್ನ ಕಡೆ ತಿರುಗಿದರು. ನೋಡಿ, ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಓದಿದವನಿಗೆ ಸಾಕ್ಷಿ ಹೇಳಲು ಬರುವುದಿಲ್ಲ. ಇಂಜಿನ್ ಶುರುವಾದ ಮೊದಲ ದಿನವೇ ಕೆರೆಯ ಏರಿಯ ಮೇಲೆ, ಅದರ ಸದ್ದಿನ ನಡುವೆ, ದೇವಕಿಯಕ್ಕ ತಂದುಕೊಟ್ಟ ಅಕ್ಕಿರೊಟ್ಟಿ ತಿಂದದ್ದು ನಾಲಗೆಗೆ ನೆನಪಿದೆ. ಅಂದರೆ ಮೊದಲ ನೀರು ಅವರ ತೋಟಕ್ಕೇ ಹೋಗುತ್ತಿತ್ತು. ಆದರೆ ಅದು ಹೋದ ವರ್ಷವೋ, ಅದರ ಹಿಂದಿನದೋ? ರೊಟ್ಟಿಯ ಮೇಲೆ ಇಸವಿ ಬರೆದಿರುವುದಿಲ್ಲ. ಇತ್ತೀಚೆಗೆ ಒಂದೇ ಮದುವೆಗೆ ಎರಡು ಸಲ ಉಡುಗೊರೆ ಕೊಟ್ಟು ಬಂದಿದ್ದೇನೆ. ಅಂಥವನ ಮಾತಿನ ಮೇಲೆ ಒಬ್ಬರ ಫಸಲು ನಿಲ್ಲುವುದೇ?

“ಏನೋ ಒಂದು ಅನಿಸುತ್ತದೆ, ಆದರೆ ಆಣೆಯಿಟ್ಟು ಹೇಳಲಾರೆ. ನೆನಪಿಲ್ಲ” ಎಂದೆ.

ಪೂವಯ್ಯ ನನ್ನನ್ನೇ ದಿಟ್ಟಿಸಿದರು. ಆಮೇಲೆ ಕೊಂಬೆಯನ್ನು ದೇವಕಿಯಕ್ಕನ ಕೈಯಿಂದ ಇಸಿದುಕೊಂಡು ತಿರುಗಿಸಿ ನೋಡಿದರು. “ಇಷ್ಟು ಓದಿದ ಸಾರಿಗೇ ನೆನಪಿಲ್ಲ ಅಂದ್ಮೇಲೆ ನಂಗೆ ಎಲ್ಲಿಂದ ಇರ್ತದೆ ಮಾರಾಯ್ರೆ? ದೇವಕಿ, ನೀನೇ ತಕ್ಕೊಂಡು ಹೋಗು. ಪೈಪ್ ಹೊರಲಿಕ್ಕೆ ನಾನೂ ಬರ್ತೇನೆ.”

“ಬನ್ನಿ. ಆದ್ರೆ ನನ್ನ ಮೆಣಸಿನ ಬಳ್ಳಿ ತುಳೀಬೇಡಿ ಅಣ್ಣ, ನಿಮ್ದು ಆನೆ ನಡಿಗೆ.”

ಮೂವರೂ ಸೇರಿ ಪೈಪು ಹೊತ್ತೆವು. ಒಬ್ಬರ ಹೆಜ್ಜೆಗೆ ಒಬ್ಬರು ಹೊಂದಿಕೊಳ್ಳದಿದ್ದರೆ ಪೈಪು ಹೆಗಲಲ್ಲಿ ನಿಲ್ಲುವುದಿಲ್ಲ. ಒಟ್ಟಿಗಿದ್ದರೆ ಮಾತ್ರ ಕೆಲಸಕ್ಕೆ ಬರುವ ವಸ್ತುಗಳ ಗುಂಪಿಗೂ ನಿಘಂಟಿನಲ್ಲಿ ಸೆಟ್ ಎಂದೇ ಇದೆ.

ಹೆಚ್ಚು ದಿನವಾಗಲಿಲ್ಲ, ದೇವಕಿಯಕ್ಕನ ಇಳಿಜಾರು ಬೆಳ್ಳಗಾಯಿತು. ಕೆರೆ ಮತ್ತೆ ತುಂಬುವ ಹೊತ್ತಿಗೆ ಪೂವಯ್ಯನ ತೋಟದ ಮೇಲಂಚಿನ ಗಿಡಗಳಲ್ಲಿ ಮೊಗ್ಗು ಕರಟಿದ್ದವು, ಉಳಿದವು ಬದುಕಿದವು. ಮೂರ್ನಾಡಿನ ಹೋಟೆಲಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ, ನಿಜಕ್ಕೂ ಮರೆತಿತ್ತೇ ಎಂದು.

ಅವರು ನಕ್ಕರು. “ಹೋದ ವರ್ಷ ಪೈಪ್ ಮೊದಲು ಹೋದದ್ದು ದೇವಕಿ ತೋಟಕ್ಕೇ ಸಾರ್. ಆದ್ರೆ ಅದಕ್ಕೆ ಮುಂಚೆಯೇ ಒಂದು ತುಂಡು ಮೋಡ ಬಂದು ನನ್ನ ತೋಟಕ್ಕೆ ಮಾತ್ರ ಸುರಿದು ಹೋಗಿತ್ತು. ಹಂಗಾಗಿ ನಂದೇ ಮೊದಲು ಹೂವಾಯ್ತು. ಅವಳಿಗೆ ಹೂ ನೆನಪುಂಟು, ಪೈಪ್ ಮರೆತುಹೋಗಿದೆ. ಸುಳ್ಳು ಹೇಳುವವಳಲ್ಲ. ನೀವು ಖಂಡಿತ ಪೂವಯ್ಯಂದೇ ಸರದಿ ಅಂದಿದ್ರೆ ನಾನು ಬಿಡ್ತಿರಲಿಲ್ಲ. ನೆನಪಿಲ್ಲ ಅಂದ್ರಿ ನೋಡಿ, ಮರೀಲಿಕ್ಕೆ ನಂಗೂ ಒಂದು ಜಾಗ ಆಯ್ತು.”

ಅನುಮಾನದಿಂದ ಯಾರಿಗಾದರೂ ಉಪಕಾರವಾದೀತೆಂದು ನನಗೆ ಯಾವ ಮೇಷ್ಟರೂ ಹೇಳಿರಲಿಲ್ಲ.

ಈ ವರ್ಷ ಮೊದಲು ಯಾರೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಮತ್ತೆ ಗೊಂದಲ ಬೇಡ ಎಂದು ಹೆಂಡತಿ ಪೆನ್ನು ತಂದುಕೊಟ್ಟಳು. ಇಸಿದುಕೊಂಡು ಜೇಬಿಗೆ ಸಿಕ್ಕಿಸಿಕೊಂಡೆ. ಮುಂದಿನ ಫೆಬ್ರವರಿಯಲ್ಲಿ ಯಾರ ಮೊಗ್ಗು ಮೊದಲು ಕಂದುವುದೋ, ಯಾರಿಗೆ ಗೊತ್ತು?