ಎತ್ತಿಗೆ ಕಾಯ್ದೆ ಪ್ರಕಾರ ಒಂದು ಟ್ರೇಲರ್

ಅಣ್ಣಿಗೇರಿಯ ಹೆದ್ದಾರಿ ಪಕ್ಕದ ನನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ಎಷ್ಟು ಟ್ರೇಲರ್ ಮಾಡಿದ್ದೇನೋ ನನಗೇ ನೆನಪಿಲ್ಲ. ಕಡಲೆ ಚೀಲ, ಹತ್ತಿ, ಹೊಟ್ಟು, ಮದುವೆಯ ಮಂದಿ, ಏನು ಹೇರುತ್ತೀರಿ ಎಂದು ಯಾರನ್ನೂ ಕೇಳಿದವನಲ್ಲ. ಹಿಂದಿನದನ್ನು ನೋಡಿ ಮುಂದಿನದನ್ನು ಮಾಡುವುದು, ಇಷ್ಟೇ ನನ್ನ ವಿದ್ಯೆ. ಆದ್ದರಿಂದ ಶಲವಡಿಯಿಂದ ಅಕ್ಕ ಫೋನು ಮಾಡಿ, "ತಮ್ಮಾ, ಕಾಯ್ದೆ ಪ್ರಕಾರ ಒಂದು ಟ್ರೇಲರ್ ಮಾಡಿಕೊಡಪಾ" ಎಂದಾಗ ನಾನು ನಕ್ಕುಬಿಟ್ಟೆ.

ಅಕ್ಕ ನಗಲಿಲ್ಲ. ಅವಳ ಜೋಡೆತ್ತಿನಲ್ಲಿ ಒಂದರ ಕೋಡು ಬುಡದಲ್ಲಿ ಕೊಳೆಯತೊಡಗಿತ್ತು. ಬೇಗ ಧಾರವಾಡಕ್ಕೆ ತಂದರೆ ಕೋಡು ತೆಗೆದು ಜೀವ ಉಳಿಸಬಹುದು, ತಡವಾದರೆ ಆಸೆ ಬಿಡಿ ಎಂದು ದನದ ಡಾಕ್ಟರು ಹೇಳಿದ್ದರಂತೆ. ಕಾಳು ಹೇರುವ ಟ್ರೇಲರಿನಲ್ಲಿ ಕಟ್ಟಿಕೊಂಡು ಬರಬೇಡಿ, ದನ ಸಾಗಿಸುವುದಕ್ಕೆ ನಿಯಮ ಇದೆ ಎಂದೂ ಹೇಳಿದ್ದರಂತೆ. ಭಾವ ತೀರಿಕೊಂಡ ಮೇಲೆ ಅಕ್ಕ ತಾನೇ ಹೂಡಿ ಹೊಲ ಮಾಡಿದ್ದು ಆ ಎತ್ತುಗಳಿಂದ. ಆಗದು ಎನ್ನಲು ನನಗೆ ಬಾಯಿ ಬರಲಿಲ್ಲ.

ನಿಯಮ ಹುಡುಕುತ್ತ ಕುಳಿತೆ. ಒಂದೊಂದು ದನಕ್ಕೂ ಬೇರೆ ಬೇರೆ ಗೂಡು, ನಡುವೆ ಕದಲದ ತಡೆ ಇರಬೇಕು ಎಂದು ಮೊಬೈಲಿನಲ್ಲಿ ಒಂದು ಕಡೆ ಸಿಕ್ಕಿತು. ಟ್ರೇಲರಿನ ಅಗಲ ಇಷ್ಟನ್ನು ಮೀರಬಾರದು ಎಂದು ಇನ್ನೊಂದು ಕಡೆ. ಆ ಅಗಲದಲ್ಲಿ ಮಡ್‌ಗಾರ್ಡ್ ಸೇರಿತೋ ಇಲ್ಲವೋ, ಅದು ಎಲ್ಲೂ ಇಲ್ಲ. ಆರ್‌ಟಿಓ ಕೆಲಸ ಮಾಡಿಸಿಕೊಡುವ ಏಜೆಂಟನನ್ನು ಕೇಳಿದೆ.

"ಒಕ್ಕಲತನದ ಟ್ರೇಲರ್ ಅಂತ ಬರಸಿದ್ರ ದನಾ ಹೇರಂಗಿಲ್ರಿ. ದನದ ಗಾಡಿ ಅಂತ ಬರಸಿದ್ರ ಕಡ್ಲಿ ಹೇರಂಗಿಲ್ಲ."

"ಹಂಗಾರ ಎತ್ತು ಒಕ್ಕಲತನದ್ದು ಅಲ್ಲೇನ್ರಿ?"

"ಅದು ನನಗ ಗೊತ್ತಿಲ್ರಿ. ಮ್ಯಾಲಿನವ್ರನ್ನ ಕೇಳ್ರಿ."

ಮೇಲಿನವರು ನಕ್ಷೆ ತಾ ಎಂದರು. ಹುಟ್ಟಿದಾಗಿನಿಂದ ನಾನು ನಕ್ಷೆ ಬರೆದವನಲ್ಲ. ಬರೆದು ಒಯ್ದರೆ ಹಿಂದಿನ ದೀಪ ಎಲ್ಲಿ, ಬ್ರೇಕ್ ಎಲ್ಲಿ, ಎತ್ತು ಯಾವ ಕಡೆ ಮುಖ ಮಾಡುತ್ತದೆ ಎಂದೆಲ್ಲ ಕೇಳಿ, ಕೊನೆಗೆ "ಈ ಸಲ ಒಯ್ರಿ, ಮುಂದ ನೋಡೂಣು" ಎಂದರು. ಅದು ಒಪ್ಪಿಗೆಯೋ ಎಚ್ಚರಿಕೆಯೋ ಇವತ್ತಿಗೂ ನನಗೆ ಗೊತ್ತಿಲ್ಲ. ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಆದರೂ ಮಾಡಿದೆ. ಕಾಲು ಜಾರದಂತೆ ರಬ್ಬರ್ ಹಾಸು, ಹತ್ತಲು ಇಳಿಜಾರು ಹಲಗೆ, ಹಿಂದೆ ಕೆಂಪು ರಿಫ್ಲೆಕ್ಟರ್, ನಡುವೆ ಎತ್ತಿನ ತಲೆಗಿಂತ ಎತ್ತರದ ತಗಡು. ಟ್ರ್ಯಾಕ್ಟರಿಗೆ ಜೋಡಿಸಿ ಶಲವಡಿಗೆ ಹೋದೆ. ರಸ್ತೆಯ ಕಡೆಯ ಗಾಡಿಗಳ ಗದ್ದಲ ತಾಗದಿರಲಿ ಎಂದು ಬೇನೆಯ ಎತ್ತಿಗೆ ಎಡಗಡೆಯ ಗೂಡಿನಲ್ಲಿ ಮೇವು ಹಾಕಿ ಇಟ್ಟಿದ್ದೆ.

ಎತ್ತು ಹಲಗೆಯವರೆಗೆ ಬಂದು ನಿಂತುಬಿಟ್ಟಿತು. ಎಳೆದರೂ ಇಲ್ಲ, ಮೈ ಸವರಿದರೂ ಇಲ್ಲ.

"ಲೇ, ಅದು ನೊಗದಾಗ ಬಲಕ ನಿಲ್ಲೂದು. ಎಡಕ ಹೋಗಂದ್ರ ಹೆಂಗ ಹೋಗತೈತಿ?" ಅಕ್ಕ ಗದರಿದಳು.

ಒಕ್ಕಲಿಗರ ಮನೆಯಲ್ಲಿ ಹುಟ್ಟಿಯೂ ನನಗೆ ಇದು ಹೊಳೆದಿರಲಿಲ್ಲ. ಮೇವನ್ನು ಬಲಕ್ಕೆ ಹಾಕಿದೆ. ಆಗಲೂ ಹತ್ತಲಿಲ್ಲ. ಕೊನೆಗೆ ಅಕ್ಕ ಕೊಟ್ಟಿಗೆಯಿಂದ ಜೊತೆಯ ಎತ್ತನ್ನು ಬಿಚ್ಚಿ ತಂದು ಎಡಗಡೆ ಹತ್ತಿಸಿದಳು. ಬೇನೆಯದು ಯಾರೂ ಹೇಳದೆ ಹಿಂದೆಯೇ ಹತ್ತಿ ತನ್ನ ಬಲಕ್ಕೆ ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಜೊತೆ ಕಾಣದೆ ಒದರಿ, ತಗಡಿಗೆ ತಲೆ ಬಡಿಯಿತು. ಕೋಡಿನ ಬುಡದಿಂದ ರಕ್ತ ಇಳಿಯಿತು.

"ತಗೀ ಅದನ್ನ" ಎಂದಳು ಅಕ್ಕ.

"ಅಕ್ಕಾ, ಕಾಯ್ದೆ..."

"ಎತ್ತು ಸತ್ತಮ್ಯಾಲೆ ನಿನ್ನ ಕಾಯ್ದೆ ಹೂಡ್ಲೇನು ನೊಗಕ್ಕ?"

ಎತ್ತುಗಳನ್ನು ಇಳಿಸಿ, ಮನೆಯೊಳಗಿಂದ ವೈರ್ ಎಳೆದು, ಗ್ರೈಂಡರ್ ಹಚ್ಚಿ ತಗಡಿನ ಮೇಲರ್ಧ ಕೊಯ್ದೆ. ಅಂಚು ಚುಚ್ಚದಂತೆ ಗೋಣಿಪಟ್ಟಿ ಸುತ್ತಿದೆ. ಉಳಿದದ್ದು ನಿಯಮದ ತಡೆ ಹೌದೋ ಅಲ್ಲವೋ, ಯಾರನ್ನು ಕೇಳುವುದು?

ಧಾರವಾಡ ಮುಟ್ಟಿದಾಗ ಎರಡೂ ಆ ಗೋಣಿಪಟ್ಟಿಯ ಮೇಲೆ ಕತ್ತು ಚಾಚಿ, ಮುಖಕ್ಕೆ ಮುಖ ತಾಗಿಸಿ ನಿಂತಿದ್ದವು. ರಕ್ತ ಎರಡರ ಹಣೆಗೂ ಹತ್ತಿತ್ತು.

"ಇವುರೊಳಗ ಬ್ಯಾನಿ ಯಾವುದಕ್ರಿ?" ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, ಕೋಡಿಗೆ ಕೋಡು ತಾಗಿ ಮುರಿದಿದ್ದರೆ ಏನು ಗತಿ, ನಡುವಿನ ತಡೆ ಇರುವುದೇ ಅದಕ್ಕೆ ಎಂದು ಬೈದರು. ಅವರ ಮಾತೂ ಸರಿ. ಅಕ್ಕನ ಮಾತೂ ಸರಿ.

ಕೋಡು ತೆಗೆದರು. ಎತ್ತು ಉಳಿಯುತ್ತದೆ, ಆದರೆ ಕೆಲವು ದಿನ ಇಲ್ಲೇ ಇರಬೇಕು ಎಂದರು. ಅಕ್ಕ ಸೆರಗು ಬಾಯಿಗೆ ಹಿಡಿದು ಅತ್ತಳು. ತಾನು ಅಲ್ಲೇ ಉಳಿದು, ಇನ್ನೊಂದನ್ನು ಊರಿಗೆ ಒಯ್ಯಲು ನನಗೆ ಹೇಳಿದಳು.

ದಾರಿಯಲ್ಲಿ ತಪಾಸಣೆಯವನೊಬ್ಬ ಕೈ ಅಡ್ಡ ಹಾಕಿದ. ಕೊಯ್ದ ತಗಡು ಕಂಡರೆ ಕೆಲಸ ಕೆಟ್ಟಿತು ಎಂದುಕೊಂಡು ಗಾಡಿ ನಿಲ್ಲಿಸಿದೆ. ಅವನು ದೀಪ ನೋಡಿದ, ಹಾಸು ನೋಡಿದ, ಒಳಗೆ ಬಗ್ಗಿ ನೋಡಿದ. ಎತ್ತು ಎಡಗಡೆಯೇ ನಿಂತು, ಕೊಯ್ದ ತಗಡಿನ ಮೇಲಿಂದ ಜೊತೆಯದು ನಿಂತಿದ್ದ ಖಾಲಿ ಗೂಡಿಗೆ ಕತ್ತು ಚಾಚಿತ್ತು.

"ಒಂದ ಎತ್ತು, ಜಾಗಾ ಬೇಕಾದಷ್ಟು ಐತಿ. ಅಗದಿ ಬರೋಬ್ಬರಿ ಐತ್ರಿ, ಹೋಗ್ರಿ."

ಆ ಟ್ರೇಲರನ್ನು ಸರಿ ಎಂದವನು ಅವನೊಬ್ಬನೇ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿರಲಿಲ್ಲ.