ಆಯುಷ್ಯದ ಫೋಟೋ

ಕೊರಿಯಾಕ್ಕೆ ಹೋಗಬೇಕೆಂಬ ಹುಚ್ಚು ನಮ್ಮವರಿಗೆ ಹತ್ತಿದ್ದು ಕಾಯಿಲೆ ಬಿದ್ದ ಮೇಲೆ. ಕೀಮೋ ಮುಗಿಸಿಕೊಂಡು ಬಂದರೆ ಓದಲು ಆಗುತ್ತಿರಲಿಲ್ಲ, ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ರಗ್ಗು ಹೊದ್ದುಕೊಂಡು ಕೊರಿಯನ್ ಧಾರಾವಾಹಿ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಕಾಯಿಪಲ್ಲೆ ಹೆಚ್ಚುತ್ತ ನೋಡುತ್ತಿದ್ದೆ. ಅತ್ತೆ ಸೊಸೆಯರ ಜಗಳ, ಹಿರಿಯರ ಮುಂದೆ ಅಡ್ಡ ಬೀಳುವುದು, ತೀರಿಕೊಂಡವರಿಗೆ ಎಡೆ ಇಡುವುದು, ಎಲ್ಲ ನಮ್ಮ ಕಡೆಯವರದೇ ಅನ್ನಿಸುತ್ತಿತ್ತು. “ಧಾರವಾಡದಾಗೂ ಹಿಂಗ ಅಳತಾರ. ಇವರು ಸ್ವಲ್ಪ ಚಂದಾಗಿ ಅಳತಾರ ನೋಡು,” ಅನ್ನುತ್ತಿದ್ದರು. ಕಡೆಗೆ ಸಿಯೋಲ್‌ಗೆ ಟಿಕೆಟ್ಟನ್ನೂ ತೆಗೆದರು.

ಟಿಕೆಟ್ ತೆಗೆದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಔಷಧಿ ಕೆಲಸ ಮಾಡುತ್ತಿಲ್ಲ, ವಿಮಾನ ಹತ್ತುವ ಮಾತೇ ಬೇಡ, ಇರುವಷ್ಟು ದಿನ ಆರಾಮಾಗಿರಲಿ. ಮೆತ್ತಗೆ ಹೇಳಿದರು. ಈ ದೇಶದಲ್ಲಿ ಎಂಥ ಸುದ್ದಿಯನ್ನೂ ಮೆತ್ತಗೇ ಹೇಳುತ್ತಾರೆ, ನನಗೆ ಅದಕ್ಕೇ ಮೈ ಉರಿಯುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮವರು ಏನೋ ಹೇಳಲು ಬಾಯಿ ತೆರೆದರು. ರಾತ್ರಿಗೆ ರೊಟ್ಟಿ ಬಡಿಯಲೋ ಅನ್ನಕ್ಕಿಡಲೋ ಎಂದು ಕೇಳಿ ನಾನು ಆ ಮಾತನ್ನು ಅಲ್ಲಿಗೇ ಹೊಸಕಿ ಹಾಕಿದೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಇದೇ ನಡೆಯಿತು. ತಾವು ಹೋದ ಮೇಲೆ ಏನು, ಹೇಗೆ ಎಂದು ನನ್ನ ಹತ್ತಿರ ಒಂದು ಸಲ ಕೂತು ಮಾತಾಡಬೇಕು ಎನ್ನುವುದೊಂದೇ ಅವರ ಆಸೆ. ನನಗೆ ಅದೊಂದೇ ಬೇಡ. ಅವರು ಶುರುಮಾಡಿದರೆ ಸಾಕು, “ಬಿಡ್ತು ಅನ್ರಿ!” ಎಂದು ರೇಗುತ್ತಿದ್ದೆ. ಅವರು ನಕ್ಕು, ಚಿಕ್ಕ ಹುಡುಗರ ಹಾಗೆ “ಬಿಡ್ತು” ಅಂದು ಸುಮ್ಮನಾಗುತ್ತಿದ್ದರು.

ಇಬ್ಬರೂ ಆಫೀಸಿಗೆ ರಜೆ ಹಾಕಿಯಾಗಿತ್ತು. ಟಿಕೆಟ್ ರದ್ದಾದರೂ ರಜೆ ಉಳಿದಿತ್ತು. “ಕೊರಿಯಾ ದೂರ ಆತು, ನ್ಯೂ ಮಾಲ್ಡನ್‌ಗೆ ಹೋಗೂಣ,” ಅಂದರು. ಲಂಡನ್ನಿನ ಕೊರಿಯನ್ನರೆಲ್ಲ ಅಲ್ಲೇ ಸೇರಿಕೊಂಡಿದ್ದಾರೆ. ನಮ್ಮಲ್ಲಿಂದ ಟ್ರಾಮಿನಲ್ಲಿ ವಿಂಬಲ್ಡನ್, ಅಲ್ಲಿಂದ ರೈಲು ಹತ್ತಿದರೆ ಆಯಿತು. ದಿನಾ ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುವ ಪ್ರವಾಸ. ಅದಕ್ಕೂ ಅವರು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡರು. ಚೀಲದ ಭಾರಕ್ಕೆ ಒಂದು ಕಡೆ ವಾಲುತ್ತಿದ್ದರು, ನಾನು ಹೊರುತ್ತೇನೆಂದರೆ ಕೊಡಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಕೊರಿಯನ್ ಅಂಗಡಿಯಲ್ಲಿ ಕೆಂಪು ಮೆಣಸಿನಪುಡಿಯ ಪೊಟ್ಟಣ ಕೈಗೆತ್ತಿಕೊಂಡು ಇದು ಬ್ಯಾಡಗಿಯದೇ ಬಣ್ಣ ಎಂದು ವಾದ ಮಾಡಿದರು. ಹೋಟೆಲಿನಲ್ಲಿ ಕಂಡದ್ದನ್ನೆಲ್ಲ ತರಿಸಿದರು. ಮೇಜಿನ ತುಂಬ ಪುಟ್ಟ ಪುಟ್ಟ ಬಟ್ಟಲುಗಳು, ಒಂದರಲ್ಲಿ ಹುಳಿ ಬಂದ ಎಲೆಕೋಸು, ಒಂದರಲ್ಲಿ ಮೊಳಕೆ ಕಾಳು. ತಾವು ಎರಡು ಚಮಚ ಸಾರು ಕುಡಿದು, ಉಳಿದದ್ದನ್ನು ನನ್ನ ಕಡೆ ತಳ್ಳಿ, ಒಂದೊಂದರದೂ ರುಚಿ ಹೇಳು ಎಂದರು. ನಾನು ಅವರಿಗಾಗಿ ಗಬಗಬ ತಿಂದೆ, ಉಪ್ಪು, ಹುಳಿ, ಖಾರ ಅಂತ ವರದಿ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ರಜೆಯ ಕೊನೆಯ ದಿನ ಕೊರಿಯನ್ನರ ಹಬ್ಬದ ಉಡುಗೆ ತೊಟ್ಟು ಇಬ್ಬರದೂ ಒಂದು ಫೋಟೋ ತೆಗೆಸಬೇಕೆಂದು ತೀರ್ಮಾನವಾಗಿತ್ತು. ಹೈಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಸ್ಟುಡಿಯೋ. ಇದ್ದವರು ಒಬ್ಬರೇ, ನಮ್ಮದೇ ವಯಸ್ಸಿನ ಕೊರಿಯನ್ ಫೋಟೋಗ್ರಾಫರ್. ತುಂಡು ತುಂಡು ಇಂಗ್ಲಿಷಿನಲ್ಲಿ ತುಂಬ ಮರ್ಯಾದೆಯಿಂದ ಮಾತಾಡುತ್ತಿದ್ದರು. ಗೋಡೆಯ ಮೇಲೆ ಮದುವೆಯ ಜೋಡಿಗಳು, ಒಂದು ವರ್ಷ ತುಂಬಿದ ಕೂಸುಗಳು. ಮೂಲೆಯಲ್ಲಿ ಒಬ್ಬ ಮುದುಕಿಯ ಫೋಟೋ. ಬೂದು ಬಣ್ಣದ ಹಿನ್ನೆಲೆ, ಬಿಳಿ ಕುಪ್ಪಸ, ನೆಟ್ಟಗೆ ನಮ್ಮನ್ನೇ ನೋಡುವ ಮುಖ. ನಮ್ಮವರು ಅದರ ಮುಂದೆ ನಿಂತುಬಿಟ್ಟರು.

“ನಂಗ ಇಂಥದು ಬೇಕು,” ಅಂದರು. ಫೋಟೋಗ್ರಾಫರಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು.

ಆ ಮನುಷ್ಯ ತಡವರಿಸಿದರು. ನಮ್ಮವರ ಮುಖ ನೋಡಿದರು, ಆಮೇಲೆ ನನ್ನ ಮುಖ. ಅದು ಬೇರೆ ಫೋಟೋ, ಎಂದರು. ತಮ್ಮ ದೇಶದಲ್ಲಿ ವಯಸ್ಸಾದವರು ಗಟ್ಟಿಯಾಗಿರುವಾಗಲೇ ಅದನ್ನು ತೆಗೆಸಿ ಇಟ್ಟುಕೊಳ್ಳುತ್ತಾರೆ. ಮಣ್ಣಿನ ದಿನ ಮನೆಯವರು ಪರದಾಡಬಾರದಲ್ಲ, ಹೂವಿನ ನಡುವೆ ಅದನ್ನೇ ಇಡುತ್ತಾರೆ. ಹಾಗೆ ಮೊದಲೇ ತೆಗೆಸಿಕೊಂಡವರ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆಯೂ ಇದೆ, ಅದಕ್ಕೆ ಆಯುಷ್ಯದ ಫೋಟೋ ಅಂತಲೇ ಕರೆಯುತ್ತಾರೆ.

“ಹಂಗಾರ ಲಗೂನ ತಗೀಲಿ,” ಎಂದು ನಮ್ಮವರು ಜೋರಾಗಿ ನಕ್ಕರು. ಆ ನಗು ಕೆಮ್ಮಾಯಿತು.

ನನಗೆ ಎಲ್ಲಿತ್ತೋ ಸಿಟ್ಟು. ಆ ಮುದುಕಿಯ ಮೇಲೆ, ಆ ಫೋಟೋಗ್ರಾಫರಿನ ಮೇಲೆ, ಇಡೀ ಕೊರಿಯಾದ ಮೇಲೆ. “ನಿಮಗ ಬುದ್ಧಿ ಐತೇನ್ರೀ? ಜೀವಂತ ಇದ್ದವರು ಯಾರಾದರೂ ಇಂಥಾದ್ದು ಮಾಡಸತಾರ? ನಡೀರಿ ಮನಿಗೆ,” ಎಂದು ಕೂಗಿದೆ. ಕನ್ನಡದಲ್ಲಿ ಕೂಗಿದರೂ ಆ ಮನುಷ್ಯನಿಗೆ ಎಲ್ಲ ಅರ್ಥವಾಯಿತು, ತಲೆ ತಗ್ಗಿಸಿದರು.

ನಮ್ಮವರು ಕುರ್ಚಿಯ ಮೇಲೆ ಕೂತುಕೊಂಡರು. “ನಮ್ಮಪ್ಪನ ಫೋಟೋ ನೆನಪೈತಿಲ್ಲ ನಿನಗ?” ಎಂದರು.

ನೆನಪಿಲ್ಲದೆ ಏನು. ಮಾವನವರು ತೀರಿಕೊಂಡಾಗ ಮನೆಯಲ್ಲಿ ಅವರೊಬ್ಬರದೇ ಆದ ಒಂದು ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದರು. ಹೆಗಲ ಮೇಲೆ ಯಾರದೋ ಕೈ ಉಳಿದುಕೊಂಡಿತು, ಬೆರಳಲ್ಲಿ ಉಂಗುರ ಸಹಿತ. ಇವತ್ತಿಗೂ ಊರಿನ ಮನೆಯಲ್ಲಿ ಹಾರ ಹಾಕುವಾಗ ಆ ಕೈ ಮುಚ್ಚುವ ಹಾಗೆ ಹಾಕುತ್ತಾರೆ.

“ಆ ಕೈ ಯಾರದಂತ ಯಾರಿಗೂ ಗೊತ್ತಿಲ್ಲ. ನನ್ನ ಫೋಟೋದಾಗ ನಾ ಒಬ್ಬನ ಇರಬೇಕು. ಅಷ್ಟ ಕೇಳಾಕತ್ತೀನಿ. ನಾ ಹೋದ ಮ್ಯಾಲೆ ನೀ ಕಂಪ್ಯೂಟರ್‌ನಾಗ ಹುಡುಕ್ಕೋತ ಕುಂದರಬ್ಯಾಡ.”

ನಾನು ಬಾಗಿಲು ತೆಗೆದುಕೊಂಡು ಹೊರಗೆ ಹೋದೆ. ಓಣಿಯಲ್ಲಿ ಕಸದ ಡಬ್ಬಿಗಳ ಪಕ್ಕ ನಿಂತೆ. ಅಳು ಬರುತ್ತದೆಂದುಕೊಂಡೆ, ಬರಲಿಲ್ಲ. ಒಳಗೆ ಅವರೊಬ್ಬರೇ ಸ್ವೆಟರ್ ತೆಗೆಯಲು ಒದ್ದಾಡುತ್ತಿರುತ್ತಾರೆ, ಕೈ ಮೇಲೆತ್ತಲು ಆಗುವುದಿಲ್ಲ ಎಂಬುದು ತಲೆಗೆ ಬಂತು. ಒಳಗೆ ಹೋದೆ. ಹಾಗೆಯೇ ಒದ್ದಾಡುತ್ತಿದ್ದರು. ನಾನೇ ತೆಗೆದೆ, ತಲೆ ಬಾಚಿದೆ, ಪರ್ಸಿನಲ್ಲಿದ್ದ ವಿಭೂತಿ ಹಚ್ಚಿದೆ. ಮುಖ ಇನ್ನೂ ಗಂಟು ಹಾಕಿಕೊಂಡೇ ಇದ್ದೆ.

ಅಂಗಿ ಮೈಮೇಲೆ ಜೋತು ಬಿದ್ದಿತ್ತು, ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗ. ಫೋಟೋಗ್ರಾಫರ್ ಹಿಂದೆ ಬಂದು, ಬೆನ್ನಿನ ಕಡೆ ಬಟ್ಟೆ ಒತ್ತಿ ಹಿಡಿದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಹಾಕಿದರು. ಮುಂದಿನಿಂದ ನೋಡಿದರೆ ಅಂಗಿ ಮೈಗೆ ಸರಿಯಾಗಿ ಕೂತಿತ್ತು. ನಾನು ನಿಂತದ್ದು ಹಿಂದೆ, ಒಂದು ಪಕ್ಕಕ್ಕೆ. ಕ್ಯಾಮೆರಾ ನೋಡಿದ್ದು ನನ್ನ ಗಂಡನನ್ನು, ನಾನು ನೋಡಿದ್ದು ಆ ಕ್ಲಿಪ್ಪುಗಳನ್ನು.

ತೆಗೆದದ್ದನ್ನು ಪರದೆಯ ಮೇಲೆ ತೋರಿಸಿದರು. ಚೆನ್ನಾಗಿತ್ತು. ಮದುವೆಯಾದ ಹೊಸತರಲ್ಲಿ ನಾನು ಏನಾದರೂ ಹೇಳುವಾಗ ಇವರು ಹೀಗೇ ನೋಡುತ್ತಿದ್ದರು, ಪೂರ್ತಿ ಕೇಳಿ ಆಮೇಲೆ ನಗೋಣ ಎನ್ನುವ ಹಾಗೆ. ನನಗೆ ಆಗ ಅಳು ಬಂತು.

ನನ್ನನ್ನು ಸಮಾಧಾನ ಮಾಡಬೇಕೆಂದೋ ಏನೋ, ಮೇಡಂ ಕೂಡ ಕೂರಬಹುದು, ಎಂದರು ಫೋಟೋಗ್ರಾಫರ್. ತಮ್ಮಲ್ಲಿ ಗಂಡ ಹೆಂಡತಿ ಒಂದೇ ದಿನ ಬಂದು ತೆಗೆಸಿಕೊಳ್ಳುವುದು ರೂಢಿ. ಸಾಮಾನ್ಯವಾಗಿ ಮಕ್ಕಳೇ ಕರೆದುಕೊಂಡು ಬರುತ್ತಾರೆ.

ನಮಗೆ ಮಕ್ಕಳಿಲ್ಲ.

“ನೀನೂ ಕುಂದ್ರು,” ಅಂದರು ನಮ್ಮವರು. “ಆಮ್ಯಾಲೆ ನಿನ್ನ ಯಾರ ಕರಕೊಂಡ ಬರತಾರ?”

ಕೂತೆ. ಅವರು ಎದ್ದು ಬಂದು ನನ್ನ ಸೆರಗು ಸರಿಮಾಡಿದರು. ಕ್ಲಿಪ್ಪುಗಳು ಇನ್ನೂ ಬೆನ್ನಲ್ಲೇ ಇದ್ದವು. ಇಷ್ಟು ದಿನ ನಾನು ಅಡ್ಡಗಟ್ಟಿ ನಿಲ್ಲಿಸಿದ್ದ ಮಾತು ಅಲ್ಲಿ ನನ್ನ ಬಾಯಿಂದಲೇ ಬಂತು.

“ನಿಮ್ಮದು ನಾ ಗೋಡೆಗೆ ಹಾಕತೀನ್ರಿ. ನಂದು ಯಾರ ಹಾಕತಾರ?”

ಅವರು ಸರಿಯಾಗಿದ್ದ ಸೆರಗನ್ನೇ ಮತ್ತೆ ಮತ್ತೆ ಸರಿಮಾಡತೊಡಗಿದರು. ಫೋಟೋಗ್ರಾಫರ್ ಬಂದು ಅವರ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಇಲ್ಲಿ ನೋಡಿ, ಎಂದರು ನನಗೆ. ನಾನು ನೋಡಿದೆ.

ಈಗ ಅವರ ಫೋಟೋ ಹಾಲಿನ ಗೋಡೆಯ ಮೇಲಿದೆ. ಹೆಗಲ ಮೇಲೆ ಯಾರ ಕೈಯೂ ಇಲ್ಲ. ಅಷ್ಟೇ ಅಳತೆಯ ಕಟ್ಟಿನಲ್ಲಿ ನನ್ನದು ಕಪಾಟಿನಲ್ಲಿದೆ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಯಾರ ಕೈಗೆ ಕೊಟ್ಟಿಡಬೇಕು ಎಂದು ಗೊತ್ತಿರುವವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿಗೆ ತಂದುಕೊಳ್ಳುತ್ತೇನೆ. ಇನ್ನೂ ಯಾರೂ ಸಿಕ್ಕಿಲ್ಲ.